ಮಾರಿಯೋ ಮೇಷ್ಟ್ರ ಕ್ಲಾಸು

ಮೊದಲೇ ಹೇಳಿಬಿಡ್ತೀನಿ. ಇದು ಗೇಮ್ ರಿವ್ಯೂ ಅಲ್ಲ. ಗೇಮ್ ಆಡಿದ್ರೆ ಮಾರ್ಕ್ಸ್ ಬರುತ್ತೆ ಅಂತ ಹೇಳೋ ಲೇಖನವೂ ಅಲ್ಲ. ಹಾಗಂತ ಯಾರಾದ್ರೂ ಮನೇಲಿ ತೋರಿಸಿ ಬೈಸಿಕೊಂಡ್ರೆ ನಾನು ಜವಾಬ್ದಾರ ಅಲ್ಲ.

ಕಳೆದ ವರ್ಷ ನವೆಂಬರ್‌ನಲ್ಲಿ, ಫಸ್ಟ್ ಸೆಮ್ ಮೊದಲ ಇಂಟರ್ನಲ್ಸ್ ಮಾರ್ಕ್ಸ್ ಬಂದ ಸಂಜೆ, ನನ್ನ ರೂಮ್‌ಮೇಟ್ ಕಾರಿಡಾರ್ ಕೊನೆಯಲ್ಲಿ ನಿಂತು ಅವರಪ್ಪನ ಹತ್ತಿರ ಫೋನಲ್ಲಿ ಮಾತಾಡ್ತಿದ್ದ. "ಮುಂದಿನ ಕಂತು ಕಟ್ಟಬ್ಯಾಡಪ್ಪ, ನಂಗ ಇದು ಆಗಂಗಿಲ್ಲ" ಅನ್ನೋದು ನನ್ನ ಕಿವಿಗೆ ಬಿತ್ತು. ಸಿ ಪ್ರೋಗ್ರಾಮಿಂಗ್‌ನಲ್ಲಿ ಅವನಿಗೆ 25ಕ್ಕೆ 7 ಬಂದಿತ್ತು. ಆ ಸಬ್ಜೆಕ್ಟ್ ಅವನಿಗೆ ಹೇಳಿಕೊಡ್ತೀನಿ ಅಂತ ಎರಡು ವಾರದಿಂದ ಕೂತಿದ್ದವನು ನಾನೇ.

ಅಲ್ಲಿಂದ ಮುಂದೆ ಏನಾಯ್ತು ಅನ್ನೋದನ್ನ ಹೇಳ್ಬೇಕಂದ್ರೆ ಮೊದಲು ಮಾರಿಯೋ ಬಗ್ಗೆ ಹೇಳ್ಬೇಕು. ಸ್ವಲ್ಪ ತಾಳ್ಮೆ ಇರಲಿ.

ಹಳದಿ ಕ್ಯಾಸೆಟ್

ನಾನು ಮಾರಿಯೋ ನೋಡಿದ್ದು ಮಂಡ್ಯದಲ್ಲಿ, ದೊಡ್ಡಮ್ಮನ ಮನೇಲಿ. ಅಣ್ಣನ ಹತ್ತಿರ ಟಿವಿಗೆ ಹಾಕೋ ವಿಡಿಯೋ ಗೇಮ್ ಇತ್ತು. ಅಸಲಿ ನಿಂಟೆಂಡೊ ಅಲ್ಲ, ಬೀದಿ ಅಂಗಡಿಯಲ್ಲಿ ಸಿಗೋ ನಕಲಿ ಡಬ್ಬಿ. ಅದರ ಜೊತೆ ಒಂದು ಹಳದಿ ಕ್ಯಾಸೆಟ್. ಮೇಲೆ 9999 ಗೇಮ್ ಅಂತ ಬರೆದಿರುತ್ತೆ, ಒಳಗೆ ಹತ್ತೋ ಹನ್ನೆರಡೋ ಗೇಮ್‌ಗಳು ತಿರುಗಿ ತಿರುಗಿ ಬರ್ತವೆ. ಆನ್ ಆಗಿಲ್ಲ ಅಂದ್ರೆ ಕ್ಯಾಸೆಟ್ ತೆಗೆದು ಉಫ್ ಅಂತ ಊದಿ ಮತ್ತೆ ಹಾಕೋದು. ಊದಿದ್ದಕ್ಕೇ ಸರಿ ಹೋಗ್ತಿತ್ತಾ, ತೆಗೆದು ಹಾಕಿದ್ದಕ್ಕೆ ಸರಿ ಹೋಗ್ತಿತ್ತಾ ಅಂತ ಆಗ ಯಾರು ಕೇಳ್ತಾರೆ.

ಮನೆಯ ರೂಲ್ಸ್ ಸಿಂಪಲ್: ಸತ್ತವನು ರಿಮೋಟ್ ಕೊಡಬೇಕು. ನಾನು ಐದಾರು ವರ್ಷದವನು, ಹಾಗಾಗಿ ನನ್ನ ಕೈಯಲ್ಲಿ ರಿಮೋಟ್ ಇರ್ತಿದ್ದದ್ದು ಸುಮಾರು ಐದು ಸೆಕೆಂಡು. ಎದುರಿಗೆ ಕಂದು ಬಣ್ಣದ ಒಂದು ಪ್ರಾಣಿ ಬರುತ್ತಲ್ಲ, ಗೂಂಬಾ, ಅದನ್ನ ನಾವು ಕಡುಬು ಅಂತಿದ್ವಿ. ಜಪಾನಿನಲ್ಲಿ ಅದರ ಹೆಸರು ಕುರಿಬೊ. ಕುರಿ ಅಂದ್ರೆ ಅವರ ಭಾಷೆಯಲ್ಲಿ ಚೆಸ್ಟ್‌ನಟ್ ಕಾಯಿ. ನಮ್ಮ ಕುರಿಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ಬಲಿಯಾಗ್ತಿದ್ದ ಕುರಿ ಮಾತ್ರ ಪ್ರತಿ ಸಲ ನಾನೇ.

ಆದರೂ ಆ ಬೇಸಿಗೆ ರಜ ಮುಗಿಯೋ ಹೊತ್ತಿಗೆ ನಾನು ಮೊದಲ ಲೆವೆಲ್ ಕೊನೆಯ ಬಾವುಟದ ಕಂಬ ಮುಟ್ಟಿದ್ದೆ. ಅಣ್ಣ ಏನೂ ಹೇಳಿಕೊಟ್ಟಿರಲಿಲ್ಲ, ಅವನಿಗೆ ನಾನು ಬೇಗ ಸಾಯೋದೇ ಬೇಕಿತ್ತು. ಅಸಲಿ ಗೇಮ್ ಜೊತೆ ಒಂದು ಪುಸ್ತಿಕೆ ಬರ್ತಿತ್ತಂತೆ. ನಮ್ಮದಕ್ಕೆ ಅದೂ ಇರಲಿಲ್ಲ. ಇದ್ದಿದ್ರೂ ನಂಗೆ ಓದೋಕೆ ಬರ್ತಿರಲಿಲ್ಲ. ಹಾಗಾದ್ರೆ ನಂಗೆ ಕಲಿಸಿದ್ದು ಯಾರು?

40 ಕಿಲೋಬೈಟ್ ಒಳಗೆ

ಇತಿಹಾಸ ಚುಟುಕಾಗಿ. 1981ರಲ್ಲಿ ನಿಂಟೆಂಡೊದ ಡಾಂಕಿ ಕಾಂಗ್ ಅನ್ನೋ ಆರ್ಕೇಡ್ ಗೇಮ್ ಬಂತು. ಅದರಲ್ಲಿ ಪೀಪಾಯಿ ಹಾರೋ ಒಬ್ಬ ಮನುಷ್ಯ ಇದ್ದ, ಮೊದಲು ಅವನ ಹೆಸರು ಜಂಪ್‌ಮ್ಯಾನ್. ಅವನೇ ಮುಂದೆ ಮಾರಿಯೋ ಆದ. ಬರೆದವರು ಶಿಗೆರು ಮಿಯಾಮೊಟೊ. ಮಾರಿಯೋಗೆ ಟೋಪಿ ಯಾಕೆ ಅಂದ್ರೆ ಅಷ್ಟು ಕಡಿಮೆ ಪಿಕ್ಸೆಲ್‌ನಲ್ಲಿ ಕೂದಲು ಬರೆಯೋದು ಕಷ್ಟ. ಮೀಸೆ ಯಾಕೆ ಅಂದ್ರೆ ಬಾಯಿ ಬರೆಯೋದು ತಪ್ಪುತ್ತೆ, ಮೂಗೂ ಎದ್ದು ಕಾಣುತ್ತೆ. ಅಂದ್ರೆ ಜಗತ್ತಿನ ಫೇಮಸ್ ಮುಖಗಳಲ್ಲಿ ಒಂದು, ಹಾರ್ಡ್‌ವೇರ್ ಕೊರತೆಗೆ ಮಾಡಿಕೊಂಡ ಅಡ್ಜಸ್ಟ್‌ಮೆಂಟು.

1985ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಬಿಡುಗಡೆಯಾಯಿತು. ಮಿಯಾಮೊಟೊ ಜೊತೆ ತಕಾಶಿ ತೆಜುಕಾ ಡಿಸೈನ್ ಮಾಡಿದ್ರು, ಸಂಗೀತ ಕೋಜಿ ಕೊಂಡೊ ಅವರದು. ಎಂಟು ವರ್ಲ್ಡ್, ಒಂದೊಂದರಲ್ಲಿ ನಾಲ್ಕು ಲೆವೆಲ್, ಒಟ್ಟು 32. ಇಷ್ಟೂ ಸೇರಿ ಕ್ಯಾಸೆಟ್‌ನಲ್ಲಿ ಇದ್ದ ಜಾಗ 40 ಕಿಲೋಬೈಟ್: ಪ್ರೋಗ್ರಾಮ್‌ಗೆ 32, ಚಿತ್ರಗಳಿಗೆ 8. ನಾವು ವಾಟ್ಸಾಪ್‌ನಲ್ಲಿ ಕಳಿಸೋ ಅಸೈನ್‌ಮೆಂಟ್ ಫೋಟೋ ಒಂದೇ ಒಂದು ಪುಟ ಇದ್ರೂ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ಮಷೀನ್‌ನ ರ್‍ಯಾಮ್ 2 ಕಿಲೋಬೈಟ್, ಪ್ರೊಸೆಸರ್ ವೇಗ ಸುಮಾರು 1.79 ಮೆಗಾಹರ್ಟ್ಜ್. ಜಾಗ ಉಳಿಸೋಕೆ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡಕ್ಕೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ. ಮುಂದಿನ ಸಲ ಆಡುವಾಗ ಗಮನಿಸಿ. ಒಮ್ಮೆ ಕಂಡ್ರೆ ಆಮೇಲೆ ಪೊದೆ ಪೊದೆಯಾಗಿ ಕಾಣೋದೇ ಇಲ್ಲ.

ಇಷ್ಟು ಚಿಕ್ಕ ಜಾಗದಲ್ಲಿ ಉದ್ದುದ್ದ ವಿವರಣೆ ಬರೆದು ಹಾಕೋಕೆ ಆಗಲ್ಲ. ಹಾಗಾಗಿ ಲೆವೆಲ್ಲೇ ಮೇಷ್ಟ್ರಾಗಬೇಕು.

1-1: ಮಾತಿಲ್ಲದ ಪಾಠ

ಈಗ ಮೊದಲ ಲೆವೆಲ್, ಅಂದ್ರೆ 1-1 ಅನ್ನ ನಿಧಾನಕ್ಕೆ ನೋಡೋಣ. 2015ರಲ್ಲಿ ಮಿಯಾಮೊಟೊ ಮತ್ತು ತೆಜುಕಾ ಇಬ್ಬರೂ ಒಂದು ವಿಡಿಯೋ ಸಂದರ್ಶನದಲ್ಲಿ ಇದೇ ಲೆವೆಲ್ ಬಗ್ಗೆ ಕೂತು ವಿವರಿಸಿದ್ದಾರೆ. ಅದನ್ನ ನೋಡಿದ ಮೇಲೆ ನಾನು ಮತ್ತೆ ಆಡಿ, ನಾಲ್ಕು ಪಾಯಿಂಟ್ ನೋಟ್ಸ್ ಮಾಡಿಕೊಂಡೆ.

ಒಂದು, ಖಾಲಿ ಜಾಗ. ಶುರುವಿನಲ್ಲಿ ಮಾರಿಯೋ ಎಡಗಡೆ ನಿಂತಿರ್ತಾನೆ, ಬಲಗಡೆ ಪೂರ್ತಿ ಖಾಲಿ. ಯಾವ ಕಡೆ ಹೋಗಬೇಕು ಅಂತ ಯಾರೂ ಹೇಳಲ್ಲ, ಹೇಳೋ ಅಗತ್ಯವೂ ಇಲ್ಲ. ಯಾವ ಶತ್ರುವೂ ಇನ್ನೂ ಬಂದಿಲ್ಲ. ಬಟನ್ ಒತ್ತಿ ಏನಾಗುತ್ತೆ ನೋಡೋಕೆ ಸಮಯ ಇದೆ.

ಎರಡು, ಮೊದಲ ಸಾವು ಅಗ್ಗ. ಕಡುಬು ಬರುತ್ತೆ. ಗೊತ್ತಿಲ್ಲದೆ ಮುಟ್ಟಿದ್ರೆ ಸಾಯ್ತೀರ. ಆದರೆ ನೀವು ಆಟ ಶುರು ಮಾಡಿ ಎಷ್ಟು ಹೊತ್ತಾಗಿತ್ತು? ಕೆಲವು ಸೆಕೆಂಡು. ಕಳೆದುಕೊಂಡಿದ್ದು ಏನೂ ಇಲ್ಲ. ವಾಪಸ್ ಅದೇ ಜಾಗ, ಅದೇ ಕಡುಬು, ಈ ಸಲ ಹಾರ್ತೀರ. ಹಾರಿ ಅದರ ತಲೆ ಮೇಲೆ ಬಿದ್ರೆ ಅದೇ ಚಪ್ಪಟೆ. ಒಂದು ತಪ್ಪಿನಿಂದ ಎರಡು ವಿಷಯ ಕಲಿತ್ರಿ.

ಮೂರು, ಒಳ್ಳೇದು ತಾನಾಗಿ ಬಂದು ಮುಟ್ಟುತ್ತೆ. ಪ್ರಶ್ನೆ ಚಿಹ್ನೆಯ ಬ್ಲಾಕ್‌ಗೆ ತಲೆ ಗುದ್ದಿದ್ರೆ ಅಣಬೆ ಹೊರಗೆ ಬರುತ್ತೆ. ಅದರ ಆಕಾರ ಕಡುಬಿನ ಥರಾನೇ ಇರೋದ್ರಿಂದ ಹೊಸಬರಿಗೆ ಭಯ. ಆದರೆ ಅಣಬೆ ಬಲಗಡೆ ಹೋಗಿ, ಕೆಳಗೆ ಬಿದ್ದು, ಹಸಿರು ಪೈಪಿಗೆ ಡಿಕ್ಕಿ ಹೊಡೆದು ವಾಪಸ್ ನಿಮ್ಮ ಕಡೆಗೇ ಬರುತ್ತೆ. ಹಾರಿ ತಪ್ಪಿಸಿಕೊಳ್ಳೋಣ ಅಂದ್ರೆ ಮೇಲೆ ಇಟ್ಟಿಗೆ ಸಾಲು ಅಡ್ಡ. ಕೊನೆಗೆ ಅದು ತಾಗೇ ತಾಗುತ್ತೆ, ತಾಗಿದ್ರೆ ಮಾರಿಯೋ ದೊಡ್ಡವನಾಗ್ತಾನೆ. ಆ ಪೈಪು ಅಲ್ಲಿ ಇರೋದು ಸುಮ್ಮನೆ ಅಲ್ಲ.

ನಾಲ್ಕು, ಮೆಟ್ಟಿಲು. ಇದು ನನ್ನ ಫೇವರಿಟ್. ಲೆವೆಲ್ ಕೊನೆಯ ಹತ್ತಿರ ಎರಡು ಜೋಡಿ ಮೆಟ್ಟಿಲು ಬರ್ತವೆ. ಮೊದಲ ಜೋಡಿಯ ಮಧ್ಯೆ ಒಂದು ಸಂದು ಇದೆ, ಹಾರಬೇಕು. ತಪ್ಪಿ ಬಿದ್ರೆ ಕೆಳಗೆ ನೆಲ ಇದೆ. ಎದ್ದು ಹತ್ತಿ ಮುಂದೆ ಹೋಗಬಹುದು. ಸ್ವಲ್ಪ ಮುಂದೆ ಅದೇ ಥರದ ಇನ್ನೊಂದು ಜೋಡಿ, ಅದೇ ಅಗಲದ ಸಂದು, ಆದರೆ ಈ ಸಲ ಕೆಳಗೆ ನೆಲ ಇಲ್ಲ. ಬಿದ್ರೆ ಹೋದ ಹಾಗೇ. ಇದಕ್ಕೂ ಮುಂಚೆ ಒಂದೆರಡು ನಿಜವಾದ ಗುಂಡಿ ದಾಟಿರ್ತೀರ, ಆದ್ದರಿಂದ ಬಿದ್ರೆ ಏನಾಗುತ್ತೆ ಅಂತ ಗೊತ್ತಿರುತ್ತೆ. ಇಲ್ಲಿ ಹೊಸದು ಏನಂದ್ರೆ ಮೆಟ್ಟಿಲ ತುದಿಯಿಂದ ಹಾರೋದು. ಆ ಹೊಸ ವಿದ್ಯೆಯನ್ನ ಮೊದಲು ನೆಲದ ಮೇಲೆ ಪ್ರಾಕ್ಟೀಸ್ ಮಾಡಿಸಿ, ಆಮೇಲೆ ನೆಲ ತೆಗೆದಿದ್ದಾರೆ.

ಒಂದು ಬಟನ್, ಎರಡು ಗುರುತ್ವ

ಹಾರೋದರಲ್ಲೂ ಒಂದು ಪಾಠ ಇದೆ, ಫಿಸಿಕ್ಸ್ ಮರೆತವರಿಗೆ ಒಂದು ರಿವಿಷನ್. ಮೇಲಕ್ಕೆ ಎಸೆದ ವಸ್ತು ಏರೋ ಎತ್ತರ = ಆರಂಭಿಕ ವೇಗದ ವರ್ಗ ÷ (2 × ಗುರುತ್ವ). ವೇಗ ಅಷ್ಟೇ ಇದ್ದು ಗುರುತ್ವ ಅರ್ಧ ಆದ್ರೆ ಎತ್ತರ ಎರಡರಷ್ಟು.

ಮಾರಿಯೋ ಮಾಡೋದು ಈ ಟ್ರಿಕ್ಕೇ. ಹಾರೋ ಬಟನ್ ಒತ್ತಿ ಹಿಡಿದಿರೋವರೆಗೆ ಏರುವಾಗ ಗುರುತ್ವ ಕಡಿಮೆ. ಬಿಟ್ಟ ಕೂಡಲೇ ಅಥವಾ ಇಳಿಯೋಕೆ ಶುರುವಾದ ಕೂಡಲೇ ಗುರುತ್ವ ಜಾಸ್ತಿ. ಹಾಗಾಗಿ ಚೂರು ಒತ್ತಿದ್ರೆ ಸಣ್ಣ ಹಾರು, ಹಿಡಿದ್ರೆ ದೊಡ್ಡ ಹಾರು. ನಿಜವಾದ ಪ್ರಪಂಚದಲ್ಲಿ ನೆಲ ಬಿಟ್ಟ ಮೇಲೆ ಎಷ್ಟು ಎತ್ತರ ಹೋಗ್ತೀನಿ ಅಂತ ಮನಸ್ಸು ಬದಲಾಯಿಸೋಕೆ ಆಗಲ್ಲ. ಇಲ್ಲಿ ಆಗುತ್ತೆ. ಅದಕ್ಕೇ ಮಾರಿಯೋ ನಮ್ಮ ಕೈಯ ಮಾತು ಕೇಳ್ತಾನೆ ಅನ್ನಿಸೋದು.

ಇದನ್ನ ಕಲಿಸೋಕೆ 1-1ರಲ್ಲಿ ಪೈಪ್‌ಗಳಿವೆ. ಮೊದಲನೇದು ಎರಡು ಬ್ಲಾಕ್ ಎತ್ತರ, ಎರಡನೇದು ಮೂರು, ಮೂರನೇದು ನಾಲ್ಕು. ಒತ್ತಿ ತಕ್ಷಣ ಬಿಟ್ಟರೆ ನಾಲ್ಕು ಬ್ಲಾಕ್ ಪೈಪ್ ಹತ್ತೋಕೆ ಆಗಲ್ಲ. ಆ ಮೂರು ಪೈಪ್ ದಾಟಿದವನಿಗೆ ಬಟನ್ ಹಿಡಿದ್ರೆ ಏನಾಗುತ್ತೆ ಅಂತ ಗೊತ್ತಾಗಿದೆ ಅಂತಾನೇ ಅರ್ಥ. ಇದು ವೈವಾ ಇಲ್ಲದ ಲ್ಯಾಬ್ ಎಕ್ಸಾಮ್.

ರೂಮ್ ನಂಬರ್ ಬೇರೆ, ರೂಮಲ್ಲಿರೋನು ಬೇರೆ

ಈಗ ನವೆಂಬರ್‌ಗೆ ವಾಪಸ್ ಬರೋಣ. ನನ್ನ ರೂಮ್‌ಮೇಟ್ ಲಿಂಗಸುಗೂರು ಕಡೆ ಹಳ್ಳಿಯವನು. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಮ್ಯಾಥ್ಸ್‌ನಲ್ಲಿ ನನಗಿಂತ ಹುಷಾರ್, ಲೆಕ್ಕ ಬಾಯಲ್ಲೇ ಮಾಡ್ತಾನೆ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಬರೀ ಸೆಕೆಂಡ್ ಲ್ಯಾಂಗ್ವೇಜು. ಹಾಗಾಗಿ ಸಿ ಕ್ಲಾಸ್‌ನಲ್ಲಿ ನಂಗೆ ಅರ್ಥ ಆಗದಿದ್ರೂ ಅರ್ಥ ಆದ ಹಾಗೆ ಕೂರೋಕೆ ಬರ್ತಿತ್ತು. ಅವನಿಗೆ ಅದೂ ಬರ್ತಿರಲಿಲ್ಲ.

ಎರಡು ವಾರ ನಾನು ಅವನಿಗೆ ಪಾಯಿಂಟರ್ ಹೇಳಿಕೊಟ್ಟ ರೀತಿ ಹೇಗಿತ್ತು ಗೊತ್ತಾ? ಮೊದಲು ಡೆಫಿನಿಷನ್. ಆಮೇಲೆ ಸಿಂಟ್ಯಾಕ್ಸ್. ಆಮೇಲೆ ಪಾಯಿಂಟರ್‌ಗೆ ಪಾಯಿಂಟರ್. ಮಧ್ಯೆ ಮಧ್ಯೆ "ಅರ್ಥ ಆಯ್ತಾ ಮಗಾ?" ಅವನು "ಹೂಂ". ಮತ್ತೆ ಕೇಳಿದ್ರೂ "ಹೂಂ". ನಾನು ಒಳ್ಳೆ ಟೀಚರ್ ಅಂತ ನನಗೇ ಖುಷಿ. ಅವನ ಹೂಂ ಅನ್ನೋದು "ಸಾಕು ಬಿಡು" ಅಂತ ಹೇಳೋ ಮರ್ಯಾದೆಯ ರೂಪ ಅಂತ ನಂಗೆ ಹೊಳೀಲೇ ಇಲ್ಲ.

ಆ ಫೋನ್ ಕೇಳಿಸಿಕೊಂಡ ರಾತ್ರಿ ಇಬ್ಬರಿಗೂ ಓದೋ ಮೂಡ್ ಇರಲಿಲ್ಲ. ನನ್ನ ಹತ್ತಿರ ಕೈಯಲ್ಲಿ ಹಿಡಿದು ಆಡೋ ಒಂದು ಸಣ್ಣ ಗೇಮ್ ಡಬ್ಬಿ ಇತ್ತು, ಅದೇ ಹಳದಿ ಕ್ಯಾಸೆಟ್ಟಿನ ಮೊಮ್ಮಗ ಅನ್ನಿ. ಅವನು ಜೀವನದಲ್ಲಿ ಮಾರಿಯೋ ಆಡಿರಲಿಲ್ಲ. ಕೊಟ್ಟೆ.

ಕಡುಬು ಬಂತು, ಸತ್ತ. "ಏನ್ಲೇ ಇದು, ಮುಟ್ಟಿದ ಕೂಡ್ಲೆ ಸತ್ತ!" ಅಂದ. ನಾನು ಬಾಯಿ ತೆಗೆದೆ, ಅವನು "ತಡಿ, ನೀ ಏನೂ ಹೇಳಬ್ಯಾಡ" ಅಂತ ಕೈ ಅಡ್ಡ ಹಿಡಿದ. ಸುಮ್ಮನಾದೆ. ಎರಡನೇ ಸಲ ಹಾರಿದ. ಅಣಬೆ ಕಂಡು ಓಡಿದ, ಅದು ಬಂದು ತಾಗ್ತು, ದೊಡ್ಡವನಾದ, ನಕ್ಕ. ಮೆಟ್ಟಿಲ ಮೊದಲ ಸಂದಿಗೆ ಬಿದ್ದ, ಎದ್ದು ಬಂದ. ಎರಡನೇ ಸಂದು ಬಂದಾಗ ಒಂದು ಕ್ಷಣ ನಿಂತು, ಕೆಳಗೆ ನೋಡಿ, ಹಿಂದೆ ಸರಿದು, ಓಡಿ ಬಂದು ಹಾರಿದ. ಕಾಲು ಗಂಟೆಯೂ ಆಗಿರಲಿಲ್ಲ.

ಎರಡು ವಾರ ನನ್ನ ಹತ್ತಿರ ಬರೀ ಹೂಂ ಅಂದಿದ್ದ ಹುಡುಗ, ಒಂದೇ ಒಂದು ಮಾತಾಡದ ಮೇಷ್ಟ್ರ ಹತ್ತಿರ ಕಾಲು ಗಂಟೆಯಲ್ಲಿ ಇಷ್ಟು ಕಲಿತ. ಪಕ್ಕದ ಮಂಚದ ಮೇಲೆ ಕೂತಿದ್ದ ನಂಗೆ ನಿಜವಾಗಲೂ ನಾಚಿಕೆ ಆಯ್ತು.

ಎರಡನೇ ಕ್ಯಾಸೆಟ್

ಆ ವಾರ ನಾನು ಮಾರಿಯೋ ಬಗ್ಗೆ ಓದ್ತಾ ಹೋದೆ. ಓದಿದ್ದರಲ್ಲಿ ಎರಡನೇ ಗೇಮಿನ ಕಥೆ ತಲೆಯಲ್ಲಿ ಕೂತುಬಿಟ್ಟಿತು.

1986ರಲ್ಲಿ ಜಪಾನಿನಲ್ಲಿ ಸೂಪರ್ ಮಾರಿಯೋ ಬ್ರದರ್ಸ್ 2 ಬಂತು. ನೋಡೋಕೆ ಮೊದಲ ಗೇಮ್ ಥರಾನೇ ಇದೆ. ಆದರೆ ಮೊದಲ ಲೆವೆಲ್‌ನಲ್ಲೇ ವಿಷದ ಅಣಬೆ ಇದೆ. ಮುಟ್ಟಿದ್ರೆ ಬೆಳೆಯೋದಲ್ಲ, ಪೆಟ್ಟು. ಗಾಳಿ ಬೀಸಿ ಹಾರುವಾಗ ತಳ್ಳುತ್ತೆ. ಶಾರ್ಟ್‌ಕಟ್ ಅಂತ ಹೋದ ಕೆಲವು ದಾರಿ ನಿಮ್ಮನ್ನ ಹಿಂದಿನ ವರ್ಲ್ಡ್‌ಗೆ ಕಳಿಸುತ್ತೆ. ಮೊದಲ ಗೇಮನ್ನ ಅರೆದು ಕುಡಿದವರಿಗೆ ಅಂತಾನೇ ಮಾಡಿದ್ದು. ಅವರಿಗೆ ಇದು ಮಜಾ, ಯಾಕಂದ್ರೆ ಪ್ರತಿ ಮೋಸವೂ ಅವರಿಗೆ ಗೊತ್ತಿರೋ ಪಾಠದ ಮೇಲಿನ ಜೋಕು. ಅಮೆರಿಕದ ನಿಂಟೆಂಡೊ ಇದು ತುಂಬಾ ಕಷ್ಟ ಅಂತ ಬಿಡುಗಡೆಯನ್ನೇ ಮಾಡಲಿಲ್ಲ. 1988ರಲ್ಲಿ ಬೇರೆ ಒಂದು ಜಪಾನಿ ಗೇಮನ್ನ ಬದಲಾಯಿಸಿ ಅದಕ್ಕೇ ಸೂಪರ್ ಮಾರಿಯೋ ಬ್ರದರ್ಸ್ 2 ಅಂತ ಹೆಸರಿಟ್ಟು ಕೊಟ್ಟರು. ಜಪಾನಿನ ಆ ಕಷ್ಟದ ಗೇಮು 1993ರಲ್ಲಿ ದಿ ಲಾಸ್ಟ್ ಲೆವೆಲ್ಸ್ ಅನ್ನೋ ಹೆಸರಲ್ಲಿ ಅಲ್ಲಿಗೆ ಹೋಯಿತು.

ಈಗ ಯೋಚನೆ ಮಾಡಿ. ಮೊದಲ ಗೇಮ್ ಆಡದೇ ಇರೋ ಒಬ್ಬ ಹುಡುಗನ ಕೈಗೆ ಸೀದಾ ಈ ಎರಡನೇ ಗೇಮ್ ಕೊಟ್ಟರೆ? ಅಣಬೆ ಒಳ್ಳೇದು ಅಂತಾನೇ ಗೊತ್ತಿಲ್ಲದವನಿಗೆ ವಿಷದ ಅಣಬೆ. ಹತ್ತು ಸಲ ಸಾಯ್ತಾನೆ, "ನಂಗ ಇದು ಆಗಂಗಿಲ್ಲ" ಅಂತ ರಿಮೋಟ್ ಇಟ್ಟುಬಿಡ್ತಾನೆ. ಪಕ್ಕದಲ್ಲಿ ಕೂತು ಆರಾಮಾಗಿ ಆಡ್ತಿರೋ ಹುಡುಗ ಜೀನಿಯಸ್ ಅನ್ನಿಸ್ತಾನೆ. ಅವನು ಜೀನಿಯಸ್ ಅಲ್ಲ, ಅವನ ಮನೇಲಿ ಮೊದಲ ಕ್ಯಾಸೆಟ್ ಇತ್ತು ಅಷ್ಟೇ.

ಆ ಪಕ್ಕದ ಹುಡುಗ ನಾನು. ನಂಗೆ ಆರನೇ ಕ್ಲಾಸ್‌ನಲ್ಲೇ ಸ್ಕೂಲಲ್ಲಿ ಕಂಪ್ಯೂಟರ್ ಲ್ಯಾಬ್ ಇತ್ತು. ವೇರಿಯೇಬಲ್, ಫಂಕ್ಷನ್, ಅಡ್ರೆಸ್ ಅನ್ನೋ ಪದಗಳು ಕಿವಿಗೆ ಬಿದ್ದು ವರ್ಷಗಳಾಗಿದ್ವು. ನನ್ನ ರೂಮ್‌ಮೇಟ್‌ಗೆ ಆ ಪದ, ಆ ಪದದ ಭಾಷೆ, ಆ ಕೀಬೋರ್ಡು, ಮೂರೂ ಒಂದೇ ತಿಂಗಳಲ್ಲಿ ಹೊಸದು. ಅವನ 7 ಮಾರ್ಕ್ಸ್‌ಗೂ ನನ್ನ 19 ಮಾರ್ಕ್ಸ್‌ಗೂ ಇದ್ದ ವ್ಯತ್ಯಾಸದಲ್ಲಿ ಬುದ್ಧಿಯ ಪಾಲು ಎಷ್ಟು, ಕ್ಯಾಸೆಟ್ಟಿನ ಪಾಲು ಎಷ್ಟು ಅಂತ ನಾನು ಅವತ್ತಿನವರೆಗೆ ಕೇಳಿಕೊಂಡೇ ಇರಲಿಲ್ಲ.

ಪಾಯಿಂಟರ್‌ಗೆ ಒಂದು 1-1

ಮುಂದಿನ ಭಾನುವಾರ ನಾನು ಪಾಯಿಂಟರ್‌ಗೆ ಒಂದು 1-1 ಬರೆದೆ. ರೂಲ್ಸ್ ಎರಡು. ಅವನು ಟೈಪ್ ಮಾಡಬೇಕು, ನಾನು ಕೀಬೋರ್ಡ್ ಮುಟ್ಟಬಾರದು. ಅವನು ಕೇಳೋವರೆಗೆ ನಾನು ಮಾತಾಡಬಾರದು.

ಹೆಜ್ಜೆ 1, ಖಾಲಿ ಜಾಗ. ಒಂದು ವೇರಿಯೇಬಲ್ ಮಾಡಿ ಅದರ ಬೆಲೆ ಪ್ರಿಂಟ್ ಮಾಡು. ಆಮೇಲೆ ಅದರ ಅಡ್ರೆಸ್ ಪ್ರಿಂಟ್ ಮಾಡು. ಇಲ್ಲಿ ಏನೂ ಕೆಡೋಕೆ ಸಾಧ್ಯ ಇಲ್ಲ. ನಾಲ್ಕೈದು ಸಲ ರನ್ ಮಾಡಿದ. "ಪ್ರತಿ ಸಲ ನಂಬರ್ ಬ್ಯಾರೆ ಬರ್ತದಲ್ಲ, ಯಾಕ?" ಅಂದ. ಸತ್ಯ ಹೇಳ್ತೀನಿ, ನಂಗೆ ಉತ್ತರ ಗೊತ್ತಿರಲಿಲ್ಲ. ಇಬ್ಬರೂ ಹುಡುಕಿದ್ವಿ: ಪ್ರೋಗ್ರಾಮ್ ಪ್ರತಿ ಸಲ ಶುರುವಾದಾಗ ಆಪರೇಟಿಂಗ್ ಸಿಸ್ಟಮ್ ಅದನ್ನ ಮೆಮೊರಿಯಲ್ಲಿ ಬೇರೆ ಬೇರೆ ಜಾಗದಲ್ಲಿ ಕೂರಿಸುತ್ತೆ. ಹ್ಯಾಕ್ ಮಾಡೋರಿಗೆ ಅಡ್ರೆಸ್ ಮೊದಲೇ ಗೊತ್ತಾಗಬಾರದು ಅಂತ. ಎರಡು ವಾರದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು. ನಾನು ಯಾವತ್ತೂ ಕೇಳದ ಪ್ರಶ್ನೆ.

ಹೆಜ್ಜೆ 2, ಕಡುಬು. ಎರಡು ಸಂಖ್ಯೆ ಅದಲು ಬದಲು ಮಾಡೋ ಫಂಕ್ಷನ್ ಬರಿ, ಪಾಯಿಂಟರ್ ಇಲ್ಲದೆ. ಬರೆದ. ಫಂಕ್ಷನ್ ಒಳಗೆ ಪ್ರಿಂಟ್ ಮಾಡಿದ್ರೆ ಅದಲು ಬದಲಾಗಿದೆ, ಹೊರಗೆ ಬಂದ್ರೆ ಮತ್ತೆ ಹಳೇದೇ. ಸತ್ತ. ಆದರೆ ಅಗ್ಗದ ಸಾವು. ಹತ್ತು ನಿಮಿಷ ದಿಟ್ಟಿಸಿ ನೋಡಿ ಅವನೇ ಹೇಳಿದ: "ಒಳಗ ಹೋಗಿದ್ದು ಜೆರಾಕ್ಸ್ ಏನ್ಲೇ? ಅಸಲಿ ಹೊರಗೇ ಉಳೀತು?" ಕಾಲ್ ಬೈ ವ್ಯಾಲ್ಯೂಗೆ ಇದಕ್ಕಿಂತ ಒಳ್ಳೆ ಡೆಫಿನಿಷನ್ ನಾನು ಇನ್ನೂ ಓದಿಲ್ಲ.

ಹೆಜ್ಜೆ 3, ಅಣಬೆ. ಈಗ ಅಡ್ರೆಸ್ ಕಳಿಸು. ಇಲ್ಲಿ ಅವನು ಸಿಕ್ಕಿಹಾಕಿಕೊಂಡ, ಕೇಳಿದ, ಆಗ ಮಾತ್ರ ನಾನು ಬಾಯಿಬಿಟ್ಟೆ. ನಮ್ಮ ಹಾಸ್ಟೆಲ್ ರೂಮ್ ನಂಬರ್ ಬೇರೆ, ರೂಮಲ್ಲಿ ಇರೋನು ಬೇರೆ. ಯಾರಿಗಾದ್ರೂ ರೂಮ್ ನಂಬರ್ ಕೊಟ್ಟರೆ ಅವರು ಬಂದು ಒಳಗಿನವರನ್ನೇ ಬದಲಾಯಿಸಬಹುದು. ಅಷ್ಟೇ ಹೇಳಿದ್ದು. ಫಂಕ್ಷನ್ ಕೆಲಸ ಮಾಡ್ತು.

ಹೆಜ್ಜೆ 4, ನೆಲ ಇಲ್ಲದ ಸಂದು. ಯಾವ ಜಾಗವನ್ನೂ ತೋರಿಸದ ನಲ್ ಪಾಯಿಂಟರ್ ಮಾಡಿ, ಅಲ್ಲಿಗೆ ಹೋಗಿ ಬೆಲೆ ಓದೋಕೆ ನೋಡು. ಬೇಕಂತಲೇ. ಸೆಗ್ಮೆಂಟೇಷನ್ ಫಾಲ್ಟ್. ಲ್ಯಾಬ್‌ನಲ್ಲಿ ಈ ಎರಡು ಪದ ಕಂಡ್ರೆ ಅವನ ಮುಖ ಬಿಳಿಚಿಕೊಳ್ತಿತ್ತು. ಅವತ್ತು ಅವನೇ ಬೀಳಿಸಿದ್ದು, ಹಾಗಾಗಿ ಗುಂಡಿ ಎಲ್ಲಿದೆ ಅಂತ ಗೊತ್ತಿತ್ತು.

ಎರಡನೇ ಇಂಟರ್ನಲ್ಸ್‌ನಲ್ಲಿ ಅವನಿಗೆ 25ಕ್ಕೆ 16 ಬಂತು. ಸಿನಿಮಾ ಥರ ಫಸ್ಟ್ ರ್‍ಯಾಂಕ್ ಏನೂ ಬರಲಿಲ್ಲ. ಆದರೆ ಮುಂದಿನ ಕಂತು ಕಟ್ಟಿದ್ರು.

ಮೊಲ ಹಿಡಿಯೋ ಪಾಠ

ಸರಣಿ ಅಲ್ಲಿಗೇ ನಿಲ್ಲಲಿಲ್ಲ. 1996ರಲ್ಲಿ ಸೂಪರ್ ಮಾರಿಯೋ 64 ಬಂದಾಗ ಮಾರಿಯೋ ಮೂರು ಆಯಾಮಕ್ಕೆ ಬಂದ. ಎಡ, ಬಲ ಮಾತ್ರ ಗೊತ್ತಿದ್ದ ಎಲ್ಲರೂ ಮತ್ತೆ ಫಸ್ಟ್ ಇಯರ್ ಸ್ಟೂಡೆಂಟ್ಸ್. ಮಾಡುವವರೂ ಅಷ್ಟೇ. ಮಿಯಾಮೊಟೊ ತಂಡ ಲೆವೆಲ್‌ಗಳನ್ನ ಕಟ್ಟೋ ಮುಂಚೆ, ಒಂದು ಜಾಗದಲ್ಲಿ ಮಾರಿಯೋನ ಬಿಟ್ಟು, ಓಡಿ ಮೊಲ ಹಿಡಿಯೋದನ್ನ ಮಾಡಿ ನೋಡಿದ್ರು. ಬರೀ ಓಡೋದೇ ಖುಷಿ ಕೊಡಬೇಕು, ಉಳಿದಿದ್ದು ಆಮೇಲೆ. ಆ ಮೊಲ ಗೇಮಿನೊಳಗೂ ಉಳೀತು, ಅದರ ಹೆಸರು ಮಿಪ್ಸ್. ಆ ಮಷೀನಿನ ಪ್ರೊಸೆಸರ್ ಕೂಡ ಮಿಪ್ಸ್ ಆರ್ಕಿಟೆಕ್ಚರ್‌ದು. ಕಂಪ್ಯೂಟರ್ ಆರ್ಗನೈಸೇಷನ್ ಓದೋರಿಗೆ ಇದು ನೆನಪಿರುತ್ತೆ.

2011ರ ಸೂಪರ್ ಮಾರಿಯೋ 3ಡಿ ಲ್ಯಾಂಡ್ ನಿರ್ದೇಶಕ ಕೊಯಿಚಿ ಹಯಾಶಿದಾ, ತಮ್ಮ ಲೆವೆಲ್‌ಗಳನ್ನ ನಾಲ್ಕು ಹಂತದಲ್ಲಿ ಯೋಚಿಸ್ತೀವಿ ಅಂತ ವಿವರಿಸಿದ್ದಾರೆ. ಚೀನಾದ ಕಾವ್ಯದಿಂದ ಬಂದು ಜಪಾನಿನ ನಾಲ್ಕು ಚೌಕದ ಕಾಮಿಕ್ಸ್‌ಗಳಲ್ಲಿ ಕಾಣೋ ಕ್ರಮ ಅದು: ಪರಿಚಯ, ಬೆಳವಣಿಗೆ, ತಿರುವು, ಮುಕ್ತಾಯ. ಹೊಸ ವಿಷಯವನ್ನ ಮೊದಲು ಸುರಕ್ಷಿತ ಜಾಗದಲ್ಲಿ ತೋರಿಸು, ಆಮೇಲೆ ಸ್ವಲ್ಪ ಕಷ್ಟ ಮಾಡು, ಆಮೇಲೆ ಎದುರು ನೋಡದ ಹಾಗೆ ತಿರುಗಿಸು, ಕೊನೆಗೆ ಕಲಿತಿದ್ದನ್ನ ತೋರಿಸೋಕೆ ಅವಕಾಶ ಕೊಡು. ನಮ್ಮ ಎಷ್ಟೋ ನೋಟ್ಸ್‌ಗಳು ಮೊದಲ ಹಂತ ಬಿಟ್ಟು ಸೀದಾ ಮೂರಕ್ಕೆ ಹೋಗ್ತವೆ. ನಾನು ಕೊಟ್ಟ ನೋಟ್ಸೂ ಹಾಗೇ ಇತ್ತು.

ಎಲ್ಲ ಸರಿ, ಆದರೆ

ಇದರ ಮಿತಿಯನ್ನೂ ಹೇಳ್ಬೇಕು. ಮಾರಿಯೋಗೆ ಮೂರು ಲೈಫ್, ಮುಗಿದ್ರೆ ಮತ್ತೆ ಸ್ಟಾರ್ಟ್ ಒತ್ತಬಹುದು. ಎಕ್ಸಾಮ್ ಫೀಸು, ಬ್ಯಾಕ್ ಸಬ್ಜೆಕ್ಟು, ಮನೆಯವರ ದುಡ್ಡು ಹಾಗಲ್ಲ. ಸೆಕೆಂಡ್ ಸೆಮ್ ಮ್ಯಾಥ್ಸ್‌ನಲ್ಲಿ ನಂಗೆ ಬ್ಯಾಕ್ ಬಂತು. ಹೌದು, ನಂಗೆ. ಆಗ ನನ್ನ ಪಕ್ಕ ಕೂತು ಪಾಠ ಮಾಡಿದವನು ಅವನು. ಅಲ್ಲಿ ಮೊದಲ ಕ್ಯಾಸೆಟ್ ಅವನ ಹತ್ತಿರ ಇತ್ತು.

ಸುಮ್ಮನೆ ಕೂರೋದೇ ಪಾಠ ಅಂತಲೂ ಅಲ್ಲ. ರೂಮ್ ನಂಬರ್ ಉದಾಹರಣೆ ಹೇಳದಿದ್ರೆ ಅವನು ಮೂರನೇ ಹೆಜ್ಜೆಯಲ್ಲೇ ನಿಂತಿರ್ತಿದ್ದ. ಮತ್ತೆ, ಗುಂಡಿಯನ್ನ ಪೂರ್ತಿ ಮುಚ್ಚಿಬಿಡೋದೂ ಸಹಾಯ ಅಲ್ಲ. ಲ್ಯಾಬ್ ರೆಕಾರ್ಡ್ ಕಾಪಿ ಮಾಡೋಕೆ ಕೊಡೋದು ಅಂದ್ರೆ ಗುಂಡಿ ಮುಚ್ಚೋದು. ಎಕ್ಸಾಮ್ ಹಾಲ್‌ನಲ್ಲಿ ಅದು ತೆರೆದೇ ಇರುತ್ತೆ. 1-1 ಮಾಡೋದು ಬೇರೆ. ಗುಂಡಿ ಇರುತ್ತೆ, ಆದರೆ ಅದಕ್ಕೂ ಮುಂಚೆ ಅದೇ ಅಳತೆಯ ಸಂದಿನಲ್ಲಿ ನೆಲದ ಮೇಲೆ ಒಮ್ಮೆ ಬಿದ್ದು ಏಳೋಕೆ ಬಿಡುತ್ತೆ.

ಈ ಲೇಖನ ನಂಗೆ ಅಂಥ ಒಂದು ಸಂದು. ಹತ್ತನೇ ಕ್ಲಾಸ್ ಆದ ಮೇಲೆ ನಾನು ಕನ್ನಡದಲ್ಲಿ ಒಂದು ಪುಟವೂ ಬರೆದಿರಲಿಲ್ಲ. ಆರು ತಿಂಗಳಿಂದ ರೂಮ್‌ಮೇಟ್ ಹತ್ತಿರ ವಾಟ್ಸಾಪ್ ಮಾಡೋದು ಕನ್ನಡ ಲಿಪಿಯಲ್ಲಿ ಮಾತ್ರ ಅಂತ ರೂಲ್ ಮಾಡಿಕೊಂಡಿದ್ವಿ. ಅಲ್ಲಿ ಒತ್ತಕ್ಷರ ತಪ್ಪಿದ್ರೆ ನಗೋನು ಅವನೊಬ್ಬನೇ. ಈ ಲೇಖನದ ಮೊದಲ ಡ್ರಾಫ್ಟ್‌ನಲ್ಲಿ ಅವನು ಕೆಂಪು ಪೆನ್ನಲ್ಲಿ 31 ತಪ್ಪು ಸುತ್ತಿದ. ಕಾರಣ ಹೇಳಲಿಲ್ಲ. "ನೀನ ನೋಡಿ ತಿದ್ದು" ಅಂದ.

ಮಾಡಿ ನೋಡಿ

ಜೂನಿಯರ್ಸ್‌ಗೋ ಕ್ಲಾಸ್‌ಮೇಟ್ಸ್‌ಗೋ ಹೇಳಿಕೊಡೋರಿಗೆ ಮೂರು ಪ್ರಶ್ನೆ:

1. ನಿಮ್ಮ ಪಾಠದಲ್ಲಿ ಅವರು ಏನೂ ಕೆಡಿಸೋಕೆ ಆಗದ ಖಾಲಿ ಜಾಗ ಎಲ್ಲಿದೆ?
2. ಅವರ ಮೊದಲ ತಪ್ಪಿನ ಬೆಲೆ ಎಷ್ಟು? ಹತ್ತು ನಿಮಿಷವಾ, ಹತ್ತು ಮಾರ್ಕ್ಸಾ?
3. ನೀವು ಕಷ್ಟದ ಗುಂಡಿ ತೋರಿಸೋ ಮುಂಚೆ ಅದೇ ಅಳತೆಯ, ನೆಲ ಇರೋ ಸಂದು ಒಂದು ಕೊಟ್ಟಿದ್ದೀರಾ?

ಕಲಿಯೋರಿಗೆ ಒಂದೇ ಮಾತು. ಹತ್ತು ಸಲ ಸತ್ತ ಮೇಲೆ "ನಂಗೆ ಆಗಲ್ಲ" ಅಂತ ಬ್ಯಾಗ್ ಪ್ಯಾಕ್ ಮಾಡೋ ಮುಂಚೆ, ನಿಮ್ಮ ಕೈಯಲ್ಲಿರೋದು ಎಷ್ಟನೇ ಕ್ಯಾಸೆಟ್ ಅಂತ ಒಮ್ಮೆ ನೋಡಿಕೊಳ್ಳಿ. ಮೊದಲನೇದು ಸಿಕ್ಕಿಲ್ಲ ಅಂದ್ರೆ ಕೇಳಿ. ಯಾರ ಹತ್ತಿರಾನಾದ್ರೂ ಇರುತ್ತೆ.

ಈ ಸೆಮ್‌ನಿಂದ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ನಾವಿಬ್ಬರೂ ಬಾಯ್ಸ್ ಹಾಸ್ಟೆಲ್ ಮೆಸ್‌ನ ಕೊನೆ ಟೇಬಲ್‌ನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರ್ತೀವಿ. ಸಿ ನನ್ನದು, ಮ್ಯಾಥ್ಸ್ ಅವನದು, ಕನ್ನಡದಲ್ಲೇ. ಫಸ್ಟ್ ಇಯರ್‌ನವರು ಯಾರಾದ್ರೂ ಬರಬಹುದು. ಬರುವಾಗ ಚಾರ್ಜರ್ ತನ್ನಿ, ಅಲ್ಲಿ ಇರೋದು ಒಂದೇ ಪ್ಲಗ್ ಪಾಯಿಂಟು. ಗೇಮ್ ಡಬ್ಬಿ ನಾವು ತರ್ತೀವಿ. ಸತ್ತವನು ಮಾತ್ರ ಪಕ್ಕದವನಿಗೆ ಕೊಡಬೇಕು.